ಕಟ್ಟು ಬಿಚ್ಚಿದ ಮೇಲೆ

ತಂತ್ರಾಂಶ ಕಟ್ಟುವ ಕೆಲಸ, ಬಿಲ್ಡ್, ಶೇಕಡ ಅರವತ್ತೆರಡಕ್ಕೆ ಬಂದು ನಿಂತಿತು. ಮೂರು ನಿಮಿಷ ಏನೂ ಇಲ್ಲ. ಆಮೇಲೆ ಕಪ್ಪು ಪರದೆಯ ಮೇಲೆ ಒಂದೇ ಪದ ಬಂತು: ಕಿಲ್ಡ್. ಯಾರು ಕೊಂದರು, ಯಾಕೆ ಕೊಂದರು, ವಿವರ ಇಲ್ಲ.

ಯಂತ್ರ ತಾನೇ ಬರೆದಿಡುವ ಲಾಗ್ ಕಡತದ ಪ್ರಕಾರ ಇದು ನಡೆದದ್ದು ಬುಧವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ. ನನ್ನ ನೆನಪಿನಲ್ಲಿ ಅದು ಮಂಗಳವಾರ, ಊಟವಾದ ಮೇಲೆ. ಇಂಥ ಕಡೆಗಳಲ್ಲಿ ನಾನು ಲಾಗನ್ನು ನಂಬುತ್ತೇನೆ. ಲಾಗ್ ಇಲ್ಲದ ಕಡೆ ಇಲ್ಲ ಎಂದು ಹೇಳಿ ಮುಂದೆ ಹೋಗುತ್ತೇನೆ.

ಜಾಗ, ರಾಮನಗರದ ಒಂದು ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆ. ನಾನು ಅಲ್ಲಿ ಗ್ರಂಥಪಾಲಕಿ. ಹಳೆಯ ಪತ್ರಿಕೆಗಳ ಕಪಾಟಿನ ಪಕ್ಕದಲ್ಲಿ ಒಂದು ಸರ್ವರ್ ಇತ್ತು. ಸರ್ವರ್ ಅಂದರೆ ಲ್ಯಾಬಿನಿಂದ ಎತ್ತಿ ತಂದ, ನಾಲ್ಕು ಜಿಬಿ ಮೆಮೊರಿಯ ಮಾಮೂಲಿ ಯಂತ್ರ. ಜೊತೆಗಿದ್ದವರು ಲ್ಯಾಬಿನ ತಂತ್ರಜ್ಞರು, ನಲವತ್ತು ದಾಟಿದವರು. ಕನಕಪುರದ ಆಚೆ ದೊಡ್ಡಆಲಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುತ್ತಿದ್ದರು. ಮನೆಯಲ್ಲಿ ರೇಷ್ಮೆ ಹುಳು. ಸಂಜೆ ನಾಲ್ಕು ಆಯಿತೆಂದರೆ ಎದ್ದುಬಿಡುತ್ತಿದ್ದರು.

"ಸತ್ತೋಯ್ತು ಮೇಡಂ" ಅಂದರು. "ಮೆಮೊರಿ ಸಾಲ್ದು. ನಾಕನೇ ಜ್ವರ ಎದ್ದ ಹುಳಕ್ಕೆ ಒಂದ್ ಹಿಡಿ ಸೊಪ್ಪು ಹಾಕ್ದಂಗಾಯ್ತು." ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳಕ್ಕೆ ಹಸಿವು ಎಲ್ಲಕ್ಕಿಂತ ಹೆಚ್ಚು.

ನಾವು ಕಟ್ಟುತ್ತಿದ್ದದ್ದು ಡಿಜಿಟಲ್ ಭಂಡಾರ. ಜಿಲ್ಲೆಯ ಕೈಕೆಲಸದವರ ಬಳಿ ಇರುವ, ಪುಸ್ತಕದಲ್ಲಿ ಇಲ್ಲದ ಸಂಗತಿಗಳನ್ನು ಫೋಟೊ ತೆಗೆದು, ಅಳತೆ ಹಾಕಿ, ಹುಡುಕಿದರೆ ಸಿಗುವಂತೆ ಇಡುವುದು. ಇಂಥ ತಂತ್ರಾಂಶಕ್ಕೆ ಎರಡು ಭಾಗ. ತಂತ್ರಜ್ಞರ ಮಾತಿನಲ್ಲಿ ಹಿಂದೆ ಉಗ್ರಾಣ, ಮುಂದೆ ಜಗಲಿ. ಉಗ್ರಾಣದಲ್ಲಿ ಕಡತ, ಅವುಗಳ ವಿವರ, ಹುಡುಕುವ ಸೂಚಿ. ಜಗಲಿ ಎಂದರೆ ಜನ ನೋಡುವ ಮುಖ, ಫ್ರಂಟ್ ಎಂಡ್. ಉಗ್ರಾಣ ಒಂದು ವಾರದಲ್ಲಿ ನಿಂತಿತ್ತು. ಜಾವಾ ಆವೃತ್ತಿ ತಪ್ಪಿ ಒಂದು ದಿನ ಹೋಯಿತು. ಡೇಟಾಬೇಸಿನಲ್ಲಿ ಕನ್ನಡದ ಅಕಾರಾದಿ ಸರಿಯಾಗಿ ಕೂರಲು ಇನ್ನೊಂದು ದಿನ. ಕರೆಂಟು ಹೋಗಿ ಸೂಚಿ ಕೆಟ್ಟು, ಎಲ್ಲವನ್ನೂ ಮತ್ತೆ ಓದಿಸಿದ್ದು ಅರ್ಧ ದಿನ. ಜಗಲಿ ಮಾತ್ರ ಎದ್ದೇಳಲಿಲ್ಲ. ಹಳೆಯ ಮುಖ ಹಗುರವಾಗಿತ್ತು, ಆದರೆ ಹೊಸ ಉಗ್ರಾಣದ ಜೊತೆ ಅದಕ್ಕೆ ಮಾತುಕತೆ ಇಲ್ಲ. ಹೊಸ ಮುಖ ಚೆಂದ. ಕಟ್ಟಲು ಎಂಟು ಜಿಬಿ ಬೇಕು.

ಪ್ರಾಂಶುಪಾಲರಿಗೆ ಹೊಸದೇ ಬೇಕಿತ್ತು. ಸೋಮವಾರ ಪರಿಶೀಲನಾ ಸಮಿತಿ ಬರುವುದಿತ್ತು. "ತೆರೆದ ತಕ್ಷಣ ಕಾಲೇಜಿನ ಕಟ್ಟಡ ಕಾಣ್ಬೇಕು" ಎಂದು ಎರಡು ಸಲ ಬಂದು ಹೇಳಿ ಹೋಗಿದ್ದರು.

"ಇಲ್ಲೇ ಯಾಕ್ ಬೇಯಿಸ್ಬೇಕು?" ಅಂದರು ತಂತ್ರಜ್ಞರು. "ಲ್ಯಾಬಲ್ಲಿ ದೊಡ್ಡ ಮಿಷನ್ ಐತಲ್ಲ. ಅಲ್ ಬೇಯ್ಸಿ ಪಾತ್ರೆ ಸಮೇತ ತಕ್ಕಂಬರಾಣ."

ಹಾಗೇ ಮಾಡಿದೆವು. ಮೂರೂವರೆಗೆ ಜಗಲಿ ಎದ್ದಿತು. ಕಟ್ಟಡದ ಚಿತ್ರ, ಹುಡುಕುವ ಪೆಟ್ಟಿಗೆ, ಕೆಳಗೆ ಸಾಲಾಗಿ ಚೌಕ ಚಿತ್ರಗಳು. ಆ ಚೌಕಗಳೇ ನಮ್ಮ ಮೊದಲ ಸಂಗ್ರಹ: ಇಪ್ಪತ್ತೇಳು ಅಳತೆ ಕಡ್ಡಿಗಳು.

ಈ ಕಡ್ಡಿಗಳ ಸಂಗತಿ ಹೇಳಬೇಕು. ಚನ್ನಪಟ್ಟಣದ ಲೇತ್ ಶೆಡ್ಡುಗಳಲ್ಲಿ ಬೊಂಬೆಗೆ ನಕ್ಷೆ ಬರೆದಿಡುವುದಿಲ್ಲ. ಒಂದೊಂದು ತುಂಡಿಗೂ ಒಂದೊಂದು ಕಡ್ಡಿ. ಎಲ್ಲಿ ಸಣ್ಣವಾಗಬೇಕು, ಎಲ್ಲಿ ಉಬ್ಬಬೇಕು, ಇನ್ನೊಂದು ತುಂಡಿಗೆ ಕೂಡಿಸುವ ಗೂಟ ಎಷ್ಟು ಉದ್ದ, ಎಲ್ಲಕ್ಕೂ ಅದರ ಮೇಲೆ ಕಚ್ಚು. ತಿರುಗುವ ಮರಕ್ಕೆ ಕಡ್ಡಿ ಹಿಡಿದು ಗುರುತು ಮಾಡಿಕೊಂಡು ಉಳಿ ಇಡುತ್ತಾರೆ. ನಮಗೆ ಬಂದದ್ದು ಗಾಣದ ಬೊಂಬೆಯ ಕಡ್ಡಿಗಳು: ನಡುವೆ ಕಂಬ, ಸುತ್ತ ಎತ್ತು, ಹಿಡಿ ತಿರುಗಿಸಿದರೆ ಎತ್ತು ಸುತ್ತು ಬರುತ್ತದೆ. ಇಪ್ಪತ್ತೇಳು ತುಂಡು ಸೇರಿ ಒಂದು ಗಾಣ.

ಅವನ್ನು ಹಗ್ಗದಲ್ಲಿ ಬಿಗಿದ ಒಂದು ಕಟ್ಟಾಗಿ ತಂದವಳು ಅಂಥ ಒಂದು ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸು, ಗಾಣ ಕಡೆಯುತ್ತಿದ್ದವನ ಮಗಳು. ಅಪ್ಪ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಆ ಶೆಡ್ಡಿನಲ್ಲಿ ಒಂದು ಪದ್ಧತಿ: ಬಾಗಿಲ ಪಕ್ಕದ ಲೇತು, ಬೆಳಕು ಚೆನ್ನಾಗಿ ಬೀಳುವುದು, ಗಾಣ ಕಡೆಯಬಲ್ಲವರಿಗೆ ಮಾತ್ರ. ಅಲ್ಲಿ ಕೂತವನು ಸತ್ತರೆ ಒಂದು ವರ್ಷ ಅದನ್ನು ಯಾರೂ ಮುಟ್ಟುವುದಿಲ್ಲ. ವರ್ಷದೊಳಗೆ ಅವನ ಮನೆಯವರು ಗಾಣ ಕಡೆದು ಅದರ ಮೇಲಿಟ್ಟರೆ ಲೇತು ಅವರದು. ಇಲ್ಲವಾದರೆ ಬೇರೆಯವರಿಗೆ. ಆಕೆ ಹದಿನೈದು ವರ್ಷದಿಂದ ಒಳಗಿನ ಮೂಲೆಯಲ್ಲಿ ಮಣಿ ಕಡೆಯುತ್ತಿದ್ದಳು, ಅರಗು ಹಚ್ಚುತ್ತಿದ್ದಳು. ಅಪ್ಪ ಗಾಣ ಕಲಿಸುವ ಮೊದಲೇ ಹೋಗಿದ್ದ. ಕೇಳಿದಾಗಲೆಲ್ಲ "ಎಲ್ಲಾ ಕಟ್ಟಲ್ಲೇ ಐತೆ" ಅನ್ನುತ್ತಿದ್ದನಂತೆ.

ಆಕೆ ಕಟ್ಟು ತಂದ ಶುಕ್ರವಾರ ವರ್ಷ ತುಂಬಲು ಇಪ್ಪತ್ತೆರಡು ದಿನ ಬಾಕಿ. ಕೊಡಲು ಮನಸ್ಸಿರಲಿಲ್ಲ. ಒಪ್ಪಿಸಿದ್ದು ನಾನು. ಕಚ್ಚುಗಳು ಸವೆದಿವೆ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದರೆ ಅರ್ಧ ಮಿಲಿಮೀಟರ್ ತಪ್ಪದಂತೆ ಓದಬಹುದು, ನಿಮಗೇ ಅನುಕೂಲ ಅಂದೆ. ಹತ್ತು ದಿನಕ್ಕೆ ವಾಪಸು ಅಂದೆ. ಹದಿಮೂರನೇ ದಿನವೂ ಕಡ್ಡಿಗಳು ನನ್ನ ಕಪಾಟಿನಲ್ಲೇ ಇದ್ದವು. ಒಂದೊಂದಕ್ಕೂ ದಾರದಲ್ಲಿ ಸಂಖ್ಯೆಯ ಚೀಟಿ, ಉದ್ದದ ಪ್ರಕಾರ ಕ್ರಮ, ತಟ್ಟೆಯಲ್ಲಿ ನೀಟಾಗಿ ಜೋಡಣೆ. ಅದನ್ನು ನೋಡಿ ನನಗೆ ಸಮಾಧಾನವಾಗುತ್ತಿತ್ತು. ಇದು ನೆನಪಿದೆ. ಇದಕ್ಕೆ ಲಾಗ್ ಬೇಕಿಲ್ಲ.

ಗುರುವಾರ ಆಕೆಯನ್ನು ಕರೆಸಿದೆ, ತೋರಿಸೋಣವೆಂದು.

ಆಕೆ ತನ್ನ ಫೋನಿನಲ್ಲೇ ತೆರೆದಳು. ಕಟ್ಟಡದ ಚಿತ್ರ ಅರ್ಧ ಬಂದು ನಿಂತಿತು. ಕಾದೆವು. ಚೌಕಗಳು ಒಂದೊಂದಾಗಿ ಬಂದವು. ತಂತ್ರಾಂಶ ತಾನೇ ಚಿತ್ರಗಳನ್ನು ಚೌಕಕ್ಕೆ ಕತ್ತರಿಸಿತ್ತು. ಉದ್ದನೆಯ ಕಡ್ಡಿಗಳು ಹೊಟ್ಟೆ ಮಾತ್ರ ಕಾಣುವಂತೆ, ತಲೆ ಬಾಲ ಇಲ್ಲದೆ, ಒಂದೇ ಥರದ ಇಪ್ಪತ್ತೇಳು ಕಂದು ತುಂಡುಗಳಾಗಿದ್ದವು.

"ಇದೇನಕ್ಕ, ಎಲ್ಲಾನೂ ಸೊಂಟ ಹಿಡ್ದು ತೆಗ್ದಿದ್ದೀರಾ" ಅಂದಳು.

"ಒತ್ತಿದರೆ ಪೂರ್ತಿ ಬರುತ್ತೆ."

ಒತ್ತಿದಳು. ಬಂತು. ಹಿಂದಕ್ಕೆ ಹೋದಳು, ಇನ್ನೊಂದು ಒತ್ತಿದಳು. ಆಮೇಲೆ ಫೋನು ಬಿಟ್ಟು ತಟ್ಟೆಯ ಕಡೆ ನೋಡಿದಳು. ಚೀಟಿಗಳನ್ನು ನೋಡಿದಳು.

"ಯಾಕೆ ಉದ್ದ ನೋಡಿ ಇಟ್ಟಿದ್ದೀರಾ?"

"ಸುಲಭವಾಗಲಿ ಅಂತ. ಒಂದರಿಂದ ಇಪ್ಪತ್ತೇಳು."

"ಕಟ್ಟು ಎಲ್ಲಿ?"

ಹಗ್ಗವನ್ನು ಸುತ್ತಿ ಡ್ರಾಯರಿನಲ್ಲಿಟ್ಟಿದ್ದೆ. ತೆಗೆದು ಕೊಟ್ಟೆ. ಆಕೆ ಅದನ್ನು ತೆಗೆದುಕೊಳ್ಳಲಿಲ್ಲ.

"ಹಗ್ಗ ಅಲ್ಲಕ್ಕ. ಕಟ್ಟು. ಯಾವ್ದು ಯಾವ್ದ್ರ ಪಕ್ಕ ಇತ್ತು?"

ಕಡ್ಡಿಗಳ ಮೇಲೆ ಒಂದು ಗುರುತೂ ಇಲ್ಲ ಎಂದು ನಾನು ವಿವರದ ಅಂಕಣದಲ್ಲಿ ಟಿಪ್ಪಣಿ ಬರೆದಿದ್ದೆ. ಇದು ಕೊರತೆ ಎಂಬಂತೆ. ಯಾವ ಕಡ್ಡಿ ಯಾವ ತುಂಡು, ಯಾವುದು ಯಾವುದಕ್ಕೆ ಕೂಡುತ್ತದೆ ಎಂಬುದೆಲ್ಲ ಅವು ಕಟ್ಟಿನಲ್ಲಿ ನಿಂತಿದ್ದ ಜಾಗದಲ್ಲೇ ಇತ್ತು. ಗುರುತು ಬೇಕಿರಲಿಲ್ಲ. ನಾನು ಹಗ್ಗ ಬಿಚ್ಚಿ, ಕಡ್ಡಿಗಳನ್ನು ಮೇಜಿನ ಮೇಲೆ ಸುರಿದು, ಉದ್ದದ ಪ್ರಕಾರ ಜೋಡಿಸಿದ್ದೆ. ಲೈಬ್ರರಿಯವರು ಮಾತ್ರ ಮಾಡಬಹುದಾದ ತಪ್ಪು.

"ಬಿಚ್ಚೋವಾಗ ಕರೀರಿ ಅಂದಿದ್ನಲ್ಲಕ್ಕ" ಅಂದಳು. ಧ್ವನಿ ಏರಿಸಲಿಲ್ಲ.

ನನಗೆ ಆ ಮಾತು ನೆನಪಿರಲಿಲ್ಲ. ಈಗಲೂ ಇಲ್ಲ. ತಂತ್ರಜ್ಞರ ಕಡೆ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಾ, "ಅಂದಿದ್ರು ಮೇಡಂ" ಅಂದರು.

ಬಿಚ್ಚುವ ಮುನ್ನ ಒಂದು ಫೋಟೊ ತೆಗೆದಿದ್ದೇನೆ, ಖಂಡಿತ ತೆಗೆದಿದ್ದೇನೆ ಎಂದೆ. ನನ್ನ ಕಣ್ಣಿಗೆ ಅದು ಕಟ್ಟುತ್ತಿತ್ತು: ಬಿಳಿ ಕಾಗದದ ಮೇಲೆ ಕಟ್ಟು, ಎಡದಿಂದ ಬೆಳಕು. ಭಂಡಾರದಲ್ಲಿ ಹುಡುಕಿದೆ. ಇಲ್ಲ. ಕ್ಯಾಮೆರಾದ ಕಾರ್ಡ್ ಹಾಕಿದೆ. ಆ ದಿನದ ಕಡತಗಳು ಎರಡರಿಂದ ಶುರುವಾಗಿದ್ದವು. ಸೊನ್ನೆ ಸೊನ್ನೆ ಸೊನ್ನೆ ಎರಡು. ಒಂದನೆಯದು ಇತ್ತು, ಈಗ ಇಲ್ಲ.

ಏನಾಗಿರಬಹುದು? ಹೊಸ ವಸ್ತು ಸೇರಿಸುವ ನಮೂನೆಯಲ್ಲಿ ಉದ್ದ ಎಂಬ ಅಂಕಣವನ್ನು ನಾನೇ ಕಡ್ಡಾಯ ಮಾಡಿದ್ದೆ. ಕಟ್ಟಿಗೆ ಉದ್ದ ಎಷ್ಟು? ಅಂಕಣ ಖಾಲಿ ಬಿಟ್ಟರೆ ನಮೂನೆ ಮುಂದೆ ಹೋಗುವುದಿಲ್ಲ. ಮುಂದೆ ಹೋಗದ ಚಿತ್ರ ಬೇಡವೆಂದು ಅಳಿಸಿದೆನೇ? ಮಸುಕಾಗಿತ್ತೇ? ಬಿಳಿ ಕಾಗದ, ಎಡದ ಬೆಳಕು ನಿಜವೇ, ಅಥವಾ ಆ ಗುರುವಾರ ಆಕೆಯ ಎದುರು ನಿಂತು ನಾನು ಕಟ್ಟಿಕೊಂಡದ್ದೇ? ಕಾರ್ಡಿನಲ್ಲಿ ಅಳಿದ ಕಡತ ಹುಡುಕುವ ಸಾಧನವನ್ನು ತಂತ್ರಜ್ಞರು ಎರಡು ಗಂಟೆ ಓಡಿಸಿದರು. ಆ ಜಾಗದ ಮೇಲೆ ಬೇರೆ ಚಿತ್ರಗಳು ಬಂದು ಕೂತಿದ್ದವು.

ಆಕೆ ಅಷ್ಟೂ ಹೊತ್ತು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ವರ್ಷ ತುಂಬಲು ಒಂಬತ್ತು ದಿನ.

"ಕೆಂಪಾಪುರದಲ್ಲಿ ಅಪ್ಪನ ಜೊತೆಗಾರ್ರು ಅವ್ರೆ" ಅಂದಳು ಕೊನೆಗೆ. "ಕಣ್ಣು ಕಾಣಾಕಿಲ್ಲ. ಕೈ ಐತೆ."

ಶುಕ್ರವಾರ ಬೆಳಿಗ್ಗೆ ಮೂವರೂ ಮಾಗಡಿ ಬಸ್ ಹತ್ತಿದೆವು. ಕಡ್ಡಿಗಳು ಆಕೆಯ ತೊಡೆಯ ಮೇಲೆ, ಬಟ್ಟೆಯಲ್ಲಿ. ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ತಂತ್ರಜ್ಞರು, ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಮನೆಯಲ್ಲಿರಬೇಕಾದವನು ನಾನು ಎಂದು ಒಂದು ಸಲ ಹೇಳಿದರು.

ಮುದುಕರು ಜಗಲಿಯ ಮೇಲೆ ಕೂತಿದ್ದರು. ಒಂದೊಂದೇ ಕಡ್ಡಿ ತೆಗೆದುಕೊಂಡು ಹೆಬ್ಬೆರಳಲ್ಲಿ ಕಚ್ಚುಗಳನ್ನು ಓದಿದರು. ನನ್ನ ಚೀಟಿ ಬೆರಳಿಗೆ ತಾಗಿದಾಗ, "ಇದೇನ್ಲಾ ಬಾಲ?" ಅಂದರು.

"ನಂಬರ್ರು ತಾತ" ಅಂದರು ತಂತ್ರಜ್ಞರು.

"ನಂಬರ್ ಹಾಕ್ದೋರ್ಯಾರು?"

"ನಾನು" ಅಂದೆ.

"ಹಾಕೋದು ಹಾಕ್ದೆ ಕಣವ್ವ, ಬಿಚ್ಚೋಕ್ ಮುಂಚೆ ಹಾಕ್ಬಾರ್ದಾಗಿತ್ತಾ?"

ಉದ್ದನೆಯ ಒಂದನ್ನು ಎತ್ತಿ ನೆಟ್ಟಗೆ ಹಿಡಿದರು. ಇದು ಕಂಬ, ನಡುವಿನದು. ಇದರ ಸುತ್ತ ಕಂಬಕ್ಕೆ ನೇರ ಸೇರುವ ತುಂಡುಗಳ ಕಡ್ಡಿ. ಅವುಗಳ ಹೊರಗೆ, ಅವಕ್ಕೆ ಸೇರುವವು. ಯಾವುದಕ್ಕೆ ಯಾವುದು ತಾಗಿಕೊಂಡಿದೆಯೋ ಅದರೊಳಗೇ ಅದರ ಗೂಟ. "ಒಳಗಿಂದ ಹೊರೀಕೆ ಬಾ. ಬೊಂಬೇನೂ ಹಂಗೇ ಕಟ್ಟೋದು."

ಅಂದರೆ ಅದು ಸಾಲೇ ಅಲ್ಲ. ಸುತ್ತು. ನಾನು ಮೂರು ದಿನ ಕೂತು ಮಾಡಿದ ಒಂದರಿಂದ ಇಪ್ಪತ್ತೇಳು ಎಂಬ ಪಟ್ಟಿ ಬರಿಯ ತಪ್ಪು ಕ್ರಮವಾಗಿರಲಿಲ್ಲ, ಕ್ರಮದ ಜಾತಿಯೇ ತಪ್ಪಾಗಿತ್ತು.

ಮೊದಲ ಸುತ್ತಿನ ಆರು ಕಡ್ಡಿಗಳನ್ನು ಮುದುಕರು ಆರಿಸಿ ಕೊಟ್ಟರು. ಆಕೆ ಅವನ್ನು ಕಂಬದ ಸುತ್ತ ನಿಲ್ಲಿಸಿ ಹಿಡಿದಳು. ಕಾಫಿ ಬಂತು. ಕುಡಿದಾದ ಮೇಲೆ ಅವರು, "ಎಂಟಿದ್ವೇನೋ" ಅಂದರು. ಆರೋ ಎಂಟೋ? ಕಡ್ಡಿಗಳನ್ನು ಮತ್ತೆ ಸವರಿ, "ಅವ್ನು ಕಡೀವಾಗ ನಾನು ಬಣ್ಣ ಹಾಕ್ತಿದ್ದೆ ಕಣವ್ವ. ನನ್ ಬೆನ್ನು ಅವ್ನ ಕಡೀಕಿತ್ತು" ಅಂದರು. ಅಲ್ಲಿಗೆ ನಿಂತಿತು.

ವಾಪಸು ಬರುವಾಗ ಆಕೆ ಮೊದಲ ಸಲ ಮಾತಾಡಿದಳು. ಕಡ್ಡಿ ಕಡ್ಡಿ ಹೊಂದಿಸಿ ನೋಡ್ತೀನಿ, ಒಂದೇ ಅಳತೆ ಗೂಟಗಳು ಬಾಳ ಅವೆ, ಹತ್ತು ಥರ ಹೊಂದ್ತವೆ, ಯಾವ್ದನ್ನ ಆಗ್ಲೇ ನೋಡಾಯ್ತು ಅಂತ ನೆಪ್ಪಿರಲ್ಲ, ಅಂದಳು. "ಕಡೆದು ನೋಡ್ದೆ ತಿಳಿಯಲ್ಲ. ಕಡ್ಡಿ ಶೆಡ್ಡಲ್ಲೇ ಇರ್ಬೇಕು. ನಾಳೆ ತಕ್ಕಂಡೋಯ್ತೀನಿ."

ಕಡ್ಡಿ ಚನ್ನಪಟ್ಟಣದಲ್ಲಿ, ಅಳತೆ ರಾಮನಗರದಲ್ಲಿ. ಎರಡನ್ನೂ ಆಕೆಯ ಫೋನಿನಲ್ಲಿ ಸೇರಿಸಬೇಕು. ನಮ್ಮ ಹೊಸ ಮುಖ ಆ ಫೋನಿನಲ್ಲಿ ತೆರೆಯಲು ಎರಡು ನಿಮಿಷ. ಒಂದು ಕಡ್ಡಿಯ ಜಾಗ ಬದಲಿಸಬೇಕೆಂದರೆ ಆಕೆ ಲಾಗಿನ್ ಆಗಬೇಕು, ವಿವರ ತಿದ್ದಬೇಕು, ನಾನು ಒಪ್ಪಿಗೆ ಕೊಡಬೇಕು, ಸೂಚಿ ಮತ್ತೆ ಓದಬೇಕು. ಹೀಗೆ ಇಪ್ಪತ್ತೇಳನ್ನು ನೂರು ಸಲ ಬದಲಿಸುವವರು ಯಾರು? ಅದರಲ್ಲಿ ಪಟ್ಟಿ ಇತ್ತು, ಚೌಕವಿತ್ತು. ಸುತ್ತು ಇರಲಿಲ್ಲ.

ಶನಿವಾರ ಬೆಳಿಗ್ಗೆ ಆಕೆ ಕಡ್ಡಿ ತೆಗೆದುಕೊಂಡು ಹೋದಳು. ನಾನು ತಂತ್ರಜ್ಞರಿಗೆ, ಹೊಸ ಮುಖವನ್ನು ನಿಲ್ಲಿಸೋಣ, ಅದು ತಿನ್ನುವ ಮೆಮೊರಿ ಬಿಡಿಸೋಣ, ಉಗ್ರಾಣ ಹಾಗೇ ಇರಲಿ, ಅದರ ಮುಂದೆ ನಾವೇ ಒಂದು ಪುಟ ಬರೆದಿಡೋಣ ಅಂದೆ.

"ಸೋಮವಾರ ಸಮಿತಿ ಐತೆ."

"ಗೊತ್ತು."

"ಕಟ್ಟಡ?"

"ಇರಲ್ಲ."

ಅವರು ನನ್ನ ಕಡೆ ತಿರುಗಿದರು. "ನನ್ ಕೆಲ್ಸ ಕಾಯಂ ಐತೆ ಮೇಡಂ. ನಿಮ್ದು?"

ನನ್ನದು ಗುತ್ತಿಗೆ. ಇಬ್ಬರಿಗೂ ಗೊತ್ತಿತ್ತು. ಅವರು ಶರ್ಟಿನ ತೋಳು ಮಡಚಿದರು.

ಪುಟ ಎಂದರೆ ನಿಜಕ್ಕೂ ಒಂದೇ ಪುಟ. ನಡುವೆ ಒಂದು ಬಿಂದು, ಸುತ್ತ ಉಂಗುರಗಳು, ಉಂಗುರಗಳ ಮೇಲೆ ಕಡ್ಡಿಗೊಂದು ಗುಂಡು. ಬೆರಳಲ್ಲಿ ಎಳೆದರೆ ಜಾಗ ಬದಲಾಗಬೇಕು. ಎರಡನ್ನು ಒತ್ತಿದರೆ ಅವುಗಳ ಚಿತ್ರ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಬರಬೇಕು, ಕತ್ತರಿಸದೆ, ತಲೆಯಿಂದ ಬಾಲದವರೆಗೆ. ಪ್ರತಿ ಬದಲಾವಣೆಯೂ ಹೊತ್ತಿನ ಸಮೇತ ಉಗ್ರಾಣದಲ್ಲಿ ಕೂರಬೇಕು. ಮೊದಲ ಅಡ್ಡಿ, ಬೇರೆ ವಿಳಾಸದಿಂದ ಬಂದ ಕೋರಿಕೆ ಎಂದು ಉಗ್ರಾಣ ನಮ್ಮನ್ನೇ ಹೊರಗೆ ನಿಲ್ಲಿಸಿತು. ಎರಡನ್ನೂ ಒಂದೇ ವಿಳಾಸದ ಹಿಂದೆ ತಂದೆವು. ಎರಡನೆಯದು, ಬದಲಾವಣೆ ಉಳಿಸಲು ಕಟ್ಟು ಎಂಬ ವಸ್ತುವೇ ಭಂಡಾರದಲ್ಲಿ ಇರಬೇಕಿತ್ತು. ಸೇರಿಸಲು ಹೋದರೆ ನಮೂನೆ ಉದ್ದ ಕೇಳಿತು.

ನಮೂನೆಯ ಕಡತ ತೆರೆದು ಕಡ್ಡಾಯ ಎಂಬ ಸಾಲನ್ನು ತೆಗೆದೆ. ನಾನೇ ಹಾಕಿದ ಸಾಲು. ತೆಗೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಭಾನುವಾರ ಮಧ್ಯಾಹ್ನ ಪುಟ ಏರಿತು. ಆಕೆಗೆ ವಿಳಾಸ ಕಳಿಸಿದೆ. ಅರ್ಧ ಗಂಟೆ ಏನೂ ಇಲ್ಲ. ಆಮೇಲೆ ಫೋನು.

"ತೆರ್ಕಂಡೈತೆ ಅಕ್ಕ. ಗುಂಡು ಸಣ್ಣ ಆದ್ವು, ನನ್ ಬೆಳ್ಳು ದಪ್ಪ. ಒಸಿ ದೊಡ್ಡ ಮಾಡಿ."

ದೊಡ್ಡ ಮಾಡಿದೆವು.

ಸೋಮವಾರ ಪ್ರಾಂಶುಪಾಲರು ಒಂದು ಗಂಟೆಗೇ ಬಂದರು. ಪರದೆ ನೋಡಿದರು. ಬಿಳಿ ಪುಟ, ಬೂದು ಉಂಗುರಗಳು. "ಏನ್ರೀ ಇದು, ರಂಗೋಲಿನಾ?" ಅಂದರು. ವಿವರಿಸಲು ಶುರುಮಾಡಿದೆ. ಅಷ್ಟರಲ್ಲಿ ಸಮಿತಿಯ ಮೂವರು ಬಾಗಿಲಲ್ಲಿದ್ದರು. ಪ್ರಾಂಶುಪಾಲರು ನನಗೆ ಮಾತ್ರ ಕೇಳುವಂತೆ, "ಇದಕ್ಕೆ ನೀವೇ ಜವಾಬ್ದಾರಿ" ಅಂದು ನಗುಮುಖದಿಂದ ಅತ್ತ ತಿರುಗಿದರು.

ಸಮಿತಿಯ ಹಿರಿಯರು ಸಂಗ್ರಹದಲ್ಲಿ ಎಷ್ಟು ವಸ್ತುಗಳಿವೆ ಎಂದು ಕೇಳಿದರು. ಇಪ್ಪತ್ತೆಂಟು ಅಂದೆ. ಇಪ್ಪತ್ತೇಳು ಕಡ್ಡಿ, ಒಂದು ಕಟ್ಟು. ಕಟ್ಟಿನ ಚಿತ್ರ ಎಲ್ಲಿ ಎಂದರು. ಇಲ್ಲ ಅಂದೆ. ನಾನು ಬಿಚ್ಚಿಬಿಟ್ಟೆ, ಫೋಟೊ ಉಳಿಸಲಿಲ್ಲ, ಈಗ ಅದನ್ನು ಮತ್ತೆ ಹೊಂದಿಸುತ್ತಿದ್ದೇವೆ ಅಂದೆ. ಪ್ರಾಂಶುಪಾಲರು ಕೆಮ್ಮಿದರು.

ಪುಟ ಅರ್ಧ ನಿಮಿಷಕ್ಕೊಮ್ಮೆ ತಾನೇ ಹೊಸದಾಗುವಂತೆ ಬರೆದಿದ್ದೆವು. ಒಮ್ಮೆ ಹೊಸದಾಯಿತು, ಏನೂ ಬದಲಾಗಲಿಲ್ಲ. ಮತ್ತೊಮ್ಮೆ ಪುಟ ಪೂರ್ತಿ ಖಾಲಿ ಬಂತು. ಉಂಗುರವೂ ಇಲ್ಲ, ಬಿಂದುವೂ ಇಲ್ಲ. ನಾನು ತಂತ್ರಜ್ಞರ ಕಡೆ ನೋಡಲಿಲ್ಲ. ಮೂರನೇ ಸಲ ಉಂಗುರಗಳು ಬಂದವು. ಹದಿನಾಲ್ಕನೇ ಗುಂಡು ಎರಡನೇ ಸುತ್ತಿನಿಂದ ಮೂರನೇ ಸುತ್ತಿಗೆ ಹೋಗಿ ಕೂತಿತ್ತು. ಅದರ ಪಕ್ಕಕ್ಕೆ ಒಂಬತ್ತನೆಯದು ಬಂದಿತ್ತು.

"ಯಾರು ಸರಿಸಿದ್ದು?" ಎಂದರು ಹಿರಿಯರು.

"ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತವ್ರೆ ಸಾರ್" ಅಂದರು ತಂತ್ರಜ್ಞರು. "ಕೆಲ್ಸ ನಡೀತೈತೆ."

ಸಮಿತಿ ಹೊರಡುವಾಗ ಹಿರಿಯರು ಏನು ಹೇಳಿ ಹೋದರೆಂಬುದಕ್ಕೆ ನನ್ನ ಬಳಿ ಎರಡು ಆವೃತ್ತಿಗಳಿವೆ. ಪ್ರಾಂಶುಪಾಲರ ಪ್ರಕಾರ, ಮುಖ ಸುಧಾರಿಸಬೇಕು ಎಂದರು. ತಂತ್ರಜ್ಞರ ಪ್ರಕಾರ, ಇದನ್ನು ಮುಟ್ಟಬೇಡಿ ಎಂದರು. ನಾನು ಆಗ ಹೊಸದಾಗುವ ಮುಂದಿನ ಅರ್ಧ ನಿಮಿಷವನ್ನು ಕಾಯುತ್ತಿದ್ದೆ.

ಆ ವಾರ ಪುಟವನ್ನು ತೆರೆದೇ ಇಟ್ಟಿದ್ದೆ. ಆಕೆ ಬೆಳಿಗ್ಗೆ ಮಣಿ ಕಡೆದು, ಊಟದ ಬಿಡುವಿನಲ್ಲಿ ಗಾಣದ ತುಂಡು ಕಡೆಯುತ್ತಿದ್ದಳು. ಒಂದು ಗಂಟೆಗೆ ಗುಂಡುಗಳು ಓಡಾಡಲು ಶುರು. ಎರಡಕ್ಕೆ ನಿಲ್ಲುತ್ತಿದ್ದವು. ಮಂಗಳವಾರ ಹನ್ನೆರಡು ಕಡ್ಡಿಗಳ ಜಾಗ ಗಟ್ಟಿಯಾಯಿತು. ಬುಧವಾರ ಅದರಲ್ಲಿ ಐದು ಮತ್ತೆ ಬಿಚ್ಚಿಕೊಂಡವು. ಗುರುವಾರ ಫೋನು ಮಾಡಿ, "ಒಳ್ಗಡೆ ಗಂಡಸ್ರು ಕೇಳ್ತಾವ್ರೆ, ಏನವ್ವ ಫೋನಲ್ಲಿ ಪಗಡೆ ಆಡ್ತಿದ್ದೀಯಾ ಅಂತ" ಅಂದಳು.

"ನೀವೇನಂದ್ರಿ?"

"ಹೂಂ, ದಾಳ ಒಬ್ರು ಕಳ್ದಾಕವ್ರೆ ಅಂದೆ."

ಇಬ್ಬರೂ ನಗಲಿಲ್ಲ. ಆದರೆ ಫೋನಿಡುವಾಗ ಆಕೆ, "ಊಟ ಆಯ್ತಾ ಅಕ್ಕ" ಅಂದಳು.

ಶುಕ್ರವಾರ ಎರಡು ಗಂಟೆಗೆ ಇಪ್ಪತ್ತನಾಲ್ಕು ಗುಂಡುಗಳು ನಿಂತವು. ಮೂರು ಉಂಗುರದ ಹೊರಗೆ ಉಳಿದವು: ಹನ್ನೊಂದು, ಹದಿನೇಳು, ಇಪ್ಪತ್ತಮೂರು. ಎಲ್ಲಿಟ್ಟರೂ ಹೊಂದುತ್ತಿದ್ದವು, ಆದ್ದರಿಂದ ಎಲ್ಲಿಯವು ಎಂದು ತಿಳಿಯಲಿಲ್ಲ.

ಶನಿವಾರ, ವರ್ಷ ತುಂಬುವ ದಿನ, ಶೆಡ್ಡಿನಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಆಕೆ ಎರಡು ಸಲ ಹೇಳಿದ್ದಾಳೆ. ಎರಡೂ ಒಂದೇ ಅಲ್ಲ. ಎರಡರಲ್ಲೂ ಇರುವುದಿಷ್ಟು. ಆಕೆ ಗಾಣವನ್ನು ಬಾಗಿಲ ಲೇತಿನ ಮೇಲಿಟ್ಟಳು. ಉಳಿದ ಮೂರು ತುಂಡಿನ ಜಾಗದಲ್ಲಿ ತನ್ನ ಅಂದಾಜಿನ ಗೂಟ ಹಾಕಿದ್ದಳು. ಶೆಡ್ಡಿನ ಹಿರಿಯ ಬಂದು ಹಿಡಿ ತಿರುಗಿಸಿದ. ಎತ್ತು ಹೊರಟಿತು. ಪ್ರತಿ ಸುತ್ತಿನಲ್ಲೂ ಒಂದು ಕಡೆ ಬಂದಾಗ ತಡೆದು, ಜರ್ಕು ಹೊಡೆದು, ಮುಂದೆ ಹೋಯಿತು. ಒಬ್ಬ, "ಕುಂಟೆತ್ತು" ಅಂದ. ಹಿರಿಯ ಇನ್ನೂ ನಾಲ್ಕು ಸುತ್ತು ತಿರುಗಿಸಿದ.

"ಕುಂಟ್ತದೆ" ಅಂದ. "ಅಂದೋನೇ ಬಂದು ನೆಟ್ಗಿರೋದೊಂದು ಕಡ್ದು ಇಲ್ಲಿ ಇಡ್ಲಾ. ನಾಳೇನೇ ಇಡು."

ಯಾರೂ ಮುಂದೆ ಬರಲಿಲ್ಲವಂತೆ. ಹಿರಿಯ ಲೇತಿನ ಮೇಲೆ ಒಂದು ವರ್ಷದಿಂದ ಹೊದಿಸಿದ್ದ ಗೋಣಿಯನ್ನು ಮಡಚಿ ಆಕೆಯ ಕೈಗೆ ಕೊಟ್ಟನಂತೆ. ಇನ್ನೊಂದು ಸಲದ ಹೇಳಿಕೆಯಲ್ಲಿ ಗೋಣಿ ಮಡಚಿದ್ದು ಆಕೆಯೇ.

ಸೋಮವಾರ ಆಕೆ ರಾಮನಗರಕ್ಕೆ ಬಂದಳು. ಕಡ್ಡಿಗಳನ್ನು ಕಟ್ಟಿಕೊಂಡೇ ತಂದಿದ್ದಳು, ಹೊಸ ಹಗ್ಗದಲ್ಲಿ. ನನ್ನ ಚೀಟಿಗಳನ್ನು ತೆಗೆದಿರಲಿಲ್ಲ. ಮೂರು ಕಡ್ಡಿ ಕಟ್ಟಿನ ಹೊರಗೆ, ಬೇರೆ ಬಟ್ಟೆಯಲ್ಲಿ.

"ಈಗ ತೆಗೀರಿ ಫೋಟೊ" ಅಂದಳು.

ಬಿಳಿ ಕಾಗದ ಹಾಸಿದೆ. ಬೆಳಕು ಬಲದಿಂದ ಬಂತು. ಆ ಕೋಣೆಗೆ ಎಡಕ್ಕೆ ಕಿಟಕಿಯೇ ಇಲ್ಲವೆಂದು ಆಗ ಗಮನಿಸಿದೆ. ತಲೆಯ ಕಡೆಯಿಂದ ಒಂದು, ಬುಡದ ಕಡೆಯಿಂದ ಒಂದು. ಭಂಡಾರಕ್ಕೆ ಏರಿಸುವಾಗ ಕ್ರಮ ಯಾರದು ಎಂಬ ಅಂಕಣದಲ್ಲಿ ಆಕೆಯ ಅಪ್ಪನ ಹೆಸರು ಹಾಕಲು ಹೋದೆ.

"ಅಪ್ಪಂದಲ್ಲ" ಅಂದಳು. "ಮಗಳದು ಅಂತ ಹಾಕಿ. ಎತ್ತು ಕುಂಟಿದ್ರೆ ಅಪ್ಪನ್ ಬೈಬಾರ್ದು."

ಹಾಗೇ ಹಾಕಿದೆ. ನನ್ನ ಗುತ್ತಿಗೆ ಆ ವರ್ಷ ಮುಂದುವರಿಯಿತು. ಕಟ್ಟಡದ ಚಿತ್ರ ಪುಟದ ಕೆಳಗೆ, ಸಣ್ಣದಾಗಿ, ಬಂದು ಕೂತಿತು.

ಮಾವಿನ ಕಾಯಿ ಬರುವ ಹೊತ್ತಿಗೆ ಒಂದು ಮಧ್ಯಾಹ್ನ, ಒಂದು ಗಂಟೆಗೆ ಸರಿಯಾಗಿ, ಗುಂಡುಗಳು ಓಡಾಡಲು ಶುರುವಾದವು. ಹದಿನೇಳು ಒಳಗೆ ಹೋಯಿತು, ಕಂಬದ ಪಕ್ಕಕ್ಕೇ. ಅದರ ಹಿಂದೆ ಆರು ಕಡ್ಡಿಗಳು ತಮ್ಮ ಜಾಗ ಬಿಟ್ಟು ಒಂದೊಂದಾಗಿ ಸರಿದವು. ಮೊದಲ ಸುತ್ತು ಎಣಿಸಿದೆ. ಏಳು. ಆರೂ ಅಲ್ಲ, ಎಂಟೂ ಅಲ್ಲ. ಫೋನು ಬಂತು. ಹಿಂದೆ ಲೇತಿನ ಸದ್ದು.

"ಒಂದು ಸಿಕ್ತು ಅಕ್ಕ. ಆದ್ರೆ ಅದು ಸಿಕ್ಮೇಲೆ ನಾವು ಹೊಂದ್ಸಿದ್ದು ಆರು ತಪ್ಪು ಅಂತಾಯ್ತು."

"ಎತ್ತು?"

"ಈಗ್ಲೂ ಕುಂಟ್ತದೆ. ಬ್ಯಾರೆ ಕಡೆ."

ಹೊಸ ಕ್ರಮದ ಫೋಟೊ ಕಳಿಸಿ, ಏರಿಸುತ್ತೇನೆ, ಹಳೆಯ ಫೋಟೊ ತೆಗೆದುಬಿಡುತ್ತೇನೆ ಅಂದೆ. ಬಾಯಿಂದ ತಾನಾಗೇ ಬಂತು.

ಲೇತು ನಿಂತ ಸದ್ದು ಕೇಳಿತು.

"ತೆಗೀಬ್ಯಾಡಿ" ಅಂದಳು. "ತಪ್ಪೂ ಅಲ್ಲೇ ಇರ್ಲಿ. ಅದ್ರ ಮುಂದ್ಗಡೆ ಇದ್ನಿಡಿ. ಇನ್ನೂ ಎರಡು ಕಡ್ಡಿ ಹೊರ್ಗವೆ."